ಚಳಿಗಾಲಕ್ಕೂ ತತ್ತಿಗೂ ಏನು ತಕರಾರು?

ಕಾರ್ತಿಕ ಕಳೆದು ಮಾರ್ಗಶಿರ ಹಿಡಿಯುತ್ತಿದ್ದಂತೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಸುತ್ತಿನ ಹಳ್ಳಿಗಳ ಹಿತ್ತಿಲುಗಳಲ್ಲಿ ಒಂದು ದೂರು ಶುರುವಾಗುತ್ತದೆ: 'ಕೋಳಿ ತತ್ತಿ ಇಡವಲ್ವು.' ದೂರಿನ ಬೆನ್ನಿಗೇ ತೀರ್ಪೂ ಬರುತ್ತದೆ: 'ಥಂಡಿ ನೋಡ್ರಿ, ಅದಕ್ಕ.' ಇದೇ ಹೊತ್ತಿಗೆ ಪೇಟೆಯಲ್ಲಿ ಮೊಟ್ಟೆಯ ದರ ಏರಿರುತ್ತದೆ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನವೂ ಪ್ರಕಟಿಸುವ ದರಪಟ್ಟಿಯಲ್ಲಿ ಬೆಂಗಳೂರು, ಮೈಸೂರುಗಳ ಜೊತೆಗೆ ನಮ್ಮ ಹೊಸಪೇಟೆಗೂ ಒಂದು ಸಾಲು ಉಂಟು. ಉತ್ತರ ಭಾರತದಲ್ಲಿ ಚಳಿ ಬಲಿತು ಮೊಟ್ಟೆ ತಿನ್ನುವವರು ಹೆಚ್ಚಿದಂತೆ ಆ ಸಾಲಿನ ಅಂಕಿಯೂ ಮೇಲೇರುತ್ತದೆ. ಮನೆಯ ಕೋಳಿ ಕೈಕೊಟ್ಟ ಹೊತ್ತಿನಲ್ಲೇ ಅಂಗಡಿಯ ಮೊಟ್ಟೆ ತುಟ್ಟಿಯಾಗುತ್ತದೆ.

ದೂರು ನಿಜ. ತೀರ್ಪು ಮಾತ್ರ ಒಪ್ಪುವಂಥದ್ದಲ್ಲ. ಇದೇ ಜಿಲ್ಲೆಯ, ಇದೇ ಚಳಿಯ ಕೋಳಿಫಾರಂಗಳಲ್ಲಿ ಡಿಸೆಂಬರಿನಲ್ಲೂ ಟ್ರೇ ಮೇಲೆ ಟ್ರೇ ಮೊಟ್ಟೆ ತುಂಬುತ್ತವೆ. ಚಳಿಯೇ ಕಾರಣವಾಗಿದ್ದರೆ ಅಲ್ಲಿನ ಕೋಳಿಗಳೂ ನಿಲ್ಲಿಸಬೇಕಿತ್ತು.

ಕೋಳಿಯ ಮೈಬಿಸಿ ನಮಗಿಂತ ಹೆಚ್ಚು, ಸುಮಾರು 41 ಡಿಗ್ರಿ. ಒಳಗೆ ಆ ಕಾವು, ಹೊರಗೆ ಗರಿಯ ಹೊದಿಕೆ. ಒಣಗಿದ ಜಾಗ, ಗಾಳಿ ನೇರ ಬಡಿಯದ ಮೂಲೆ ಸಿಕ್ಕರೆ ಹಿಮ ಬೀಳುವ ಊರುಗಳಲ್ಲೂ ಕೋಳಿ ಬಾಳುತ್ತದೆ. ನಮ್ಮ ಕಡೆ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿದರೆ 'ಏನ್ ಥಂಡಿ' ಅನ್ನುತ್ತೇವೆ. ಹೊತ್ತೇರಿದ ಮೇಲೆ ಅಂಗಳದಲ್ಲಿ ಮತ್ತೆ ಬಿಸಿಲು. ಕೋಳಿಗೆ ಇದಕ್ಕಿಂತ ಹಿತವಾದ ಹವೆ ವರ್ಷದಲ್ಲಿ ಇನ್ನೊಂದಿಲ್ಲ. ಅದಕ್ಕೆ ನಿಜವಾದ ಕಷ್ಟ ಕೊಟ್ಟೂರಿನ ತೇರು ಮುಗಿದು ಬಿಸಿಲು ಏರಿದ ಮೇಲೆ. ಏಪ್ರಿಲಿನ ಮಧ್ಯಾಹ್ನ ಕೋಳಿ ಕೊಕ್ಕು ತೆರೆದು ತೇಕುತ್ತದೆ, ಮೇವು ಬಿಡುತ್ತದೆ. ತೇಕುತ್ತ ತೇಕುತ್ತ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಳೆದುಕೊಳ್ಳುವುದರಿಂದ ಚಿಪ್ಪು ಕಟ್ಟುವ ಸಾಮಗ್ರಿಯೇ ಕೊರತೆ ಬೀಳುತ್ತದೆ. ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತದೆ. ಬೇಸಿಗೆಯ ಈ ನಷ್ಟವನ್ನು ಯಾರೂ ದೂರುವುದಿಲ್ಲ. ಚಳಿಗಾಲಕ್ಕೆ ಮಾತ್ರ ಅಪವಾದ ಅಂಟಿಕೊಂಡಿದೆ.

ಈ ಅಪವಾದಕ್ಕೆ ಈಚೆಗೆ ಮೊಬೈಲೂ ಒಗ್ಗರಣೆ ಹಾಕಿದೆ. ಹಿಮದ ದೇಶದವರು ಗೂಡಿಗೆ ಹೀಟರ್ ಕಟ್ಟುವ, ನೀರು ಗಡ್ಡೆಕಟ್ಟದಂತೆ ಕಾಯುವ ವಿಡಿಯೊ ನೋಡಿ ನಮ್ಮವರೂ ಗೂಡಿಗೆ ನಾಲ್ಕೂ ಕಡೆ ಪ್ಲಾಸ್ಟಿಕ್ ತಾಟು ಬಿಗಿಯುತ್ತಾರೆ. ಒಳಗೆ ಹಿಕ್ಕೆಯ ಘಾಟು ತುಂಬಿ, ಕೋಳಿಗೆ ನೆಗಡಿ ಹಿಡಿದು, ಇದ್ದ ಮೊಟ್ಟೆಯೂ ಹೋಗುತ್ತದೆ. ನಮಗೆ ಬೇಕಾಗಿರುವುದು ಮೂಡಗಾಳಿ ಬಡಿಯುವ ಒಂದು ಕಡೆಗೆ ಗೋಣಿತಾಟು, ಮಲಗಲು ನೆಲದಿಂದ ಮೇಲೆ ಒಂದು ಅಡ್ಡಗೋಲು. ಮಾಡಿನ ಕೆಳಗೆ ಗಾಳಿ ಆಡಲು ಒಂದು ಗೇಣು ಸಂದು ಇರಲೇಬೇಕು. ಚಳಿಯ ವಿಚಾರ ಇಷ್ಟಕ್ಕೇ ಮುಗಿಯಿತು.

ಬೆಳಕಿನ ಲೆಕ್ಕ

ಹಾಗಾದರೆ ಮೊಟ್ಟೆ ನಿಲ್ಲುವುದೇಕೆ? ಮೊದಲ ಕಾರಣ ಬೆಳಕು. ಕೋಳಿಯ ಮೂಲ ಕಾಡುಕೋಳಿ. ಅದಕ್ಕೆ ಮೊಟ್ಟೆ ಎಂದರೆ ಮರಿ. ಮರಿ ಎಂದರೆ ಹಗಲು ಉದ್ದವಾಗಿ ಹುಳಹುಪ್ಪಟೆ ಹೇರಳವಾಗಿರುವ ಕಾಲ. ಆ ಕಾಲವನ್ನು ಅದು ಹಗಲಿನ ಉದ್ದದಿಂದ ಅಳೆಯುತ್ತದೆ. ಅಳೆಯುವುದು ಬರೀ ಕಣ್ಣಿನಿಂದಲ್ಲ ಎಂಬುದು ಸೋಜಿಗ. 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಎಂಬ ವಿಜ್ಞಾನಿ ಬಾತುಕೋಳಿಗಳ ಮೇಲೆ ಪ್ರಯೋಗ ಮಾಡಿ, ಕಣ್ಣಿಲ್ಲದ ಹಕ್ಕಿಯೂ ಬೆಳಕಿಗೆ ಸ್ಪಂದಿಸುತ್ತದೆ ಎಂದು ತೋರಿಸಿದ. ಬೆಳಕು ತೆಳುವಾದ ತಲೆಬುರುಡೆಯನ್ನು ತೂರಿ ಮಿದುಳಿನ ಆಳಕ್ಕೆ ಮುಟ್ಟುತ್ತದೆ. ಅಲ್ಲಿಂದ ಹಾರ್ಮೋನಿನ ಆದೇಶ ಹೊರಟು ಅಂಡಾಶಯದಲ್ಲಿ ಹಳದಿ ಬಲಿಯತೊಡಗುತ್ತದೆ. ಎಡೆಬಿಡದೆ ಮೊಟ್ಟೆ ಇಡುವ ತಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಫಾರಂನವರು ಬಲ್ಬು ಉರಿಸಿ ಕೊಡುವುದು ಅದನ್ನೇ.

ಈಗ ನಮ್ಮ ಊರಿನ ಲೆಕ್ಕ ಹಾಕೋಣ. ಲಂಡನ್ನಿನಲ್ಲಿ ಡಿಸೆಂಬರಿನ ಅತಿ ಗಿಡ್ಡ ಹಗಲು ಎಂಟು ಗಂಟೆಗೂ ಕಡಿಮೆ. ಜೂನಿನ ಹಗಲು ಹದಿನಾರೂವರೆ ಗಂಟೆ. ಅಲ್ಲಿನ ಕೋಳಿ ಚಳಿಗಾಲದಲ್ಲಿ ಅಂಗಡಿ ಮುಚ್ಚುವುದರಲ್ಲಿ ಅರ್ಥವಿದೆ. ಉಚ್ಚಂಗಿದುರ್ಗ ಇರುವುದು ಸಮಭಾಜಕದಿಂದ ಹದಿನಾಲ್ಕೂವರೆ ಡಿಗ್ರಿ ಉತ್ತರಕ್ಕೆ. ಇಲ್ಲಿ ಜೂನಿನ ಹಗಲು ಹದಿಮೂರು ಗಂಟೆಗೆ ಒಂದೆರಡು ನಿಮಿಷ ಕಮ್ಮಿ, ಡಿಸೆಂಬರಿನದು ಹನ್ನೊಂದೂಕಾಲು. ವ್ಯತ್ಯಾಸ ಎರಡು ಗಂಟೆಯೂ ಇಲ್ಲ. ಇಷ್ಟಕ್ಕೆ ಮೊಟ್ಟೆ ಸ್ವಲ್ಪ ತಗ್ಗಬಹುದು, ಪೂರ್ತಿ ನಿಲ್ಲುವುದು ಕಷ್ಟ.

ಆದರೆ ಸೂರ್ಯ ಕೊಡುವ ಬೆಳಕು ಬೇರೆ, ಗೂಡಿನೊಳಗೆ ಮುಟ್ಟುವ ಬೆಳಕು ಬೇರೆ. ಡಿಸೆಂಬರ್ ಕೊನೆಗೆ ಇಲ್ಲಿ ಹೊತ್ತು ಹುಟ್ಟುವುದು ಆರು ಮುಕ್ಕಾಲರ ಸುಮಾರಿಗೆ, ಮುಳುಗುವುದು ಆರಕ್ಕೆ. ಚಳಿ ಎಂದು ಮನೆಯವರು ಏಳುವುದು ತಡ. ಮುಸುರೆ, ಹಾಲು, ರೊಟ್ಟಿ ಎಲ್ಲ ಮುಗಿದು ಗೂಡಿನ ಬಾಗಿಲಿಗೆ ಕೊಟ್ಟ ಚಪ್ಪಡಿ ಸರಿಸುವಷ್ಟರಲ್ಲಿ ಎಂಟು. ಸಂಜೆ ನಾಯಿ, ಬೆಕ್ಕು, ಮುಂಗುಸಿಯ ಕಾಟಕ್ಕೆ ಹೆದರಿ ಐದಕ್ಕೇ ಅಟ್ಟಿ ಒಳಗೆ ಹಾಕುತ್ತಾರೆ. ಕೋಳಿಯ ಪಾಲಿಗೆ ದಿನ ಉಳಿದದ್ದು ಒಂಬತ್ತು ಗಂಟೆ. ಉಚ್ಚಂಗಿದುರ್ಗದ ಕೋಳಿಯನ್ನು ಹೆಚ್ಚುಕಮ್ಮಿ ಲಂಡನ್ನಿನ ಡಿಸೆಂಬರಿಗೆ ಕೊಂಡೊಯ್ದಂತಾಯಿತು, ಟಿಕೆಟ್ ಇಲ್ಲದೆ.

ಪರಿಹಾರಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಗೂಡಿನ ಮುಂಬಾಗಿಲಿಗೆ ಚಪ್ಪಡಿ, ಹಲಗೆಯ ಬದಲು ಗಟ್ಟಿ ತಂತಿಜಾಲರಿ ಹಾಕಿ. ಬೆಕ್ಕಿಗೆ ಅಡ್ಡ, ಬೆಳಕಿಗೆ ದಾರಿ. ಬುಟ್ಟಿ ಬೋರಲು ಹಾಕುವ ಮನೆಗಳಲ್ಲಿ ಬುಟ್ಟಿಯನ್ನು ಒಳಕೋಣೆಯ ಕತ್ತಲಲ್ಲಿ ಇಡದೆ, ಮೊದಲ ಬೆಳಕು ಬೀಳುವ ಪಡಸಾಲೆಗೆ ತರಲಿ. ಸಂಜೆ ಕೋಳಿಯನ್ನು ಅಟ್ಟಬೇಡಿ, ಕತ್ತಲಾಗುವಾಗ ಅದು ತಾನೇ ಬಂದು ಕೋಲೇರುತ್ತದೆ; ಆಮೇಲೆ ಬಾಗಿಲು ಮುಚ್ಚಿದರಾಯಿತು.

ಬಲ್ಬು ಬೇಕೋ? ಮನೆಯಲ್ಲಿರುವುದು ನಾಲ್ಕೈದು ಜವಾರಿ ಕೋಳಿಯಾದರೆ ಬೇಡ ಎನ್ನುವುದೇ ನನ್ನ ಮಾತು. ಯಾಕೆಂದು ಮುಂದೆ ಹೇಳುತ್ತೇನೆ. ಸ್ವರ್ಣಧಾರ, ಗ್ರಾಮಪ್ರಿಯ, ಬಿವಿ–380ರಂಥ ಸುಧಾರಿತ ತಳಿಯ ಕೋಳಿ ಸಾಕಿದವರಿಗೆ ಬಲ್ಬಿನಿಂದ ಲಾಭವಿದೆ. ಐದಾರು ವ್ಯಾಟಿನ ಎಲ್‌ಇಡಿ ಸಾಕು. ಗೂಡಿನೊಳಗೆ ಪತ್ರಿಕೆ ಓದುವಷ್ಟು ಬೆಳಕು ಬಂದರೆ ಹೆಚ್ಚಾಯಿತು. ಅದನ್ನು ಸಂಜೆ ಹಚ್ಚಬಾರದು. ಪಟ್ಟನೆ ಆರಿಸಿದಾಗ ಕೋಳಿ ಕೋಲೇರಲಾಗದೆ ಕತ್ತಲಲ್ಲಿ ಗಾಬರಿಬೀಳುತ್ತದೆ. ನಸುಕಿನ ನಾಲ್ಕಕ್ಕೆ ಹಚ್ಚಿ ಬೆಳಗಾದ ಮೇಲೆ ಆರಿಸಿದರೆ ಹದಿನಾಲ್ಕು ಗಂಟೆ ಭರ್ತಿ. ಒಂದು ಎಚ್ಚರಿಕೆ: ಶುರುಮಾಡಿದ ಮೇಲೆ ತಪ್ಪಿಸಬಾರದು. ಕರೆಂಟು ಇದ್ದ ದಿನ ಬೆಳಕು, ಇಲ್ಲದ ದಿನ ಕತ್ತಲು ಎಂದರೆ ಕೋಳಿ ಗರಿ ಉದುರಿಸಲು ಶುರುಮಾಡಿ ಇದ್ದ ಮೊಟ್ಟೆಯನ್ನೂ ನಿಲ್ಲಿಸಬಹುದು. ಅಂಥ ಬೆಳಕಿಗಿಂತ ಸೂರ್ಯನದೇ ವಾಸಿ.

ಕಾವಿಗೆ ಕೂತ ಕೋಳಿ

ಜವಾರಿ ಕೋಳಿಯ ಮಟ್ಟಿಗೆ ದೊಡ್ಡ ಕಾರಣ ಚಳಿಯೂ ಅಲ್ಲ, ಬೆಳಕೂ ಅಲ್ಲ. ಅದು ಕಾವು. ಒಂದು ಸರ್ತಿಗೆ ಹನ್ನೆರಡು–ಹದಿನೈದು ತತ್ತಿ ಇಡುತ್ತದೆ, ಆಮೇಲೆ ಕಾವಿಗೆ ಕೂರುತ್ತದೆ. ಇಪ್ಪತ್ತೊಂದು ದಿನ ಕಾವು, ಮರಿ ಬಿಡಿಸಿದ ಮೇಲೆ ಎರಡು–ಮೂರು ತಿಂಗಳು ಮರಿಗಳ ಹಿಂದೆ ತಿರುಗಾಟ. ಮತ್ತೆ ಇಡುವುದು ಮರಿಗಳನ್ನು ಕುಕ್ಕಿ ದೂರ ಅಟ್ಟಿದ ಮೇಲೆಯೇ. ವರ್ಷಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸುತ್ತು. ಅದಕ್ಕೇ ಜವಾರಿ ಕೋಳಿಯ ವರ್ಷದ ತತ್ತಿ ಐವತ್ತು–ಅರವತ್ತರಲ್ಲಿ ನಿಲ್ಲುತ್ತದೆ. ಇಂಥ ಕೋಳಿಯ ನೆತ್ತಿಯ ಮೇಲೆ ಎಷ್ಟು ಬಲ್ಬು ಉರಿಸಿದರೂ ಹದಿನೈದನೆಯ ತತ್ತಿಯ ಮೇಲೆ ಅದು ಕೂತೇ ಕೂರುತ್ತದೆ.

ನಮ್ಮ ಕಡೆ ಚಳಿಗಾಲದಲ್ಲೇ ಕಾವಿಗೆ ಕೂರಿಸುವುದು ರೂಢಿ, ಅದು ಬುದ್ಧಿವಂತಿಕೆಯ ರೂಢಿಯೂ ಹೌದು. ಬೇಸಿಗೆಯಲ್ಲಿ ಕೂಡಿಟ್ಟ ತತ್ತಿ ಕೋಳಿ ಕೂರುವ ಮೊದಲೇ ಬಿಸಿಗೆ ಅರೆಬರೆ ಬೆಳೆದು ಒಳಗೇ ಸಾಯುತ್ತದೆ, ಕೊಳೆಯುತ್ತದೆ. ಮಳೆಗಾಲದ ಮರಿಗೆ ಒದ್ದೆ ನೆಲ, ರೋಗ, ಹದ್ದು ಎಲ್ಲ ಕಾದಿರುತ್ತವೆ. ಹೀಗಾಗಿ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಮನೆಯಲ್ಲಿ ಕಾವು ನಡೆದಿರುತ್ತದೆ. ಮೊಟ್ಟೆ ಇಲ್ಲ ಎಂದು ಗೊಣಗುವ ಎಷ್ಟೋ ಮನೆಗಳಲ್ಲಿ ಮೊಟ್ಟೆ ನಿಂತದ್ದಲ್ಲ, ಮರಿಯಾಗುತ್ತಿರುವುದು.

ಎರಡೂ ಬೇಕೆಂದರೆ ಹಂಚಿಕೊಳ್ಳಬೇಕು. ಮೂರು ಕೋಳಿ ಒಟ್ಟಿಗೆ ಕಾವಿಗೆ ಬಂದರೆ ಮೂರರ ತತ್ತಿಯಲ್ಲಿ ಒಳ್ಳೆಯವನ್ನು ಆರಿಸಿ ಒಂದು ಕೋಳಿಯ ಕೆಳಗೆ ಇಡಿ, ಉಳಿದೆರಡರ ಕಾವು ಬಿಡಿಸಿ. ಕಾವು ಬಿಡಿಸುವುದಕ್ಕೆ ಹಳೆಯ ಉಪಾಯಗಳು ಬಹಳ: ನೀರಲ್ಲಿ ಅದ್ದುವುದು, ಕಾಲಿಗೆ ದಾರ ಕಟ್ಟಿ ಬಿಸಿಲಲ್ಲಿ ಬಿಡುವುದು, ಮೂಗಿನ ಹೊಳ್ಳೆಗೆ ಗರಿ ತೂರಿಸುವುದು. ಕೊನೆಯದು ಹಿಂಸೆ, ಬಿಟ್ಟುಬಿಡಿ. ಇದರ ಒಳಗುಟ್ಟು ತಿಳಿದರೆ ಸಾಕು. ಬೆಚ್ಚಗಿನ ಗೂಡು, ಹೊಟ್ಟೆಗೆ ತಗಲುವ ತತ್ತಿಯ ನುಣುಪು, ಕತ್ತಲು—ಈ ಮೂರು ಸೇರಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸಿಟ್ಟಿರುತ್ತವೆ. ಅದು ಇಳಿಯುವತನಕ ಅಂಡಾಶಯ ಕೆಲಸ ಮಾಡದು. ಆದ್ದರಿಂದ ತಳಕ್ಕೆ ಜಾಲರಿ ಇರುವ ಪಂಜರವನ್ನು ನಾಲ್ಕು ಇಟ್ಟಿಗೆಯ ಮೇಲೆ ಎತ್ತಿಟ್ಟು, ಹೊಟ್ಟೆಯ ಕೆಳಗೆ ತಂಪು ಗಾಳಿ ಆಡುವಂತೆ, ಬೆಳಕಿರುವ ಕಡೆ ಮೂರ್ನಾಲ್ಕು ದಿನ ಕೂಡಿಡಬೇಕು. ಒಳಗೆ ಹುಲ್ಲಿನ ಎಳೆಯೂ ಇರಬಾರದು. ನೀರು, ಕಾಳು ಮಾತ್ರ ತಪ್ಪಬಾರದು. ಕೋಳಿ 'ಕ್ಲೊಕ್ ಕ್ಲೊಕ್' ಬಿಟ್ಟು ಮಾಮೂಲಿ ದನಿಗೆ ಬಂದರೆ ಕಾವು ಹೋಯಿತೆಂದು ತಿಳಿಯಿರಿ. ಎರಡು–ಮೂರು ವಾರದಲ್ಲಿ ಮತ್ತೆ ಇಡಲು ಶುರುಮಾಡುತ್ತದೆ. ಮೂರು ತಿಂಗಳ ರಜೆ ಮೂರು ವಾರಕ್ಕೆ ಇಳಿಯಿತು.

ಅದಕ್ಕಿಂತ ಮೊದಲೇ ತಡೆಯುವ ದಾರಿ ಇನ್ನೂ ಸುಲಭದ್ದು. ಗುರುತಿಗೆ ಒಂದು ತತ್ತಿ ಬಿಟ್ಟು ಉಳಿದದ್ದನ್ನು ದಿನಾ ಸಂಜೆ ತೆಗೆದುಬಿಡಿ. ಗೂಡು ತುಂಬಿದ್ದು ಕಂಡರೆ ಕೋಳಿಗೆ ಕೂರುವ ಮನಸ್ಸಾಗುತ್ತದೆ.

ಗರಿ ಉದುರಿದರೆ

ಕಾವಲ್ಲ, ಆದರೂ ತತ್ತಿ ಇಲ್ಲ ಎಂದರೆ ಗೂಡಿನ ನೆಲ ನೋಡಿ. ಗರಿ ಹಾಸಿದಂತೆ ಬಿದ್ದಿದ್ದರೆ, ಕೋಳಿಯ ಕುತ್ತಿಗೆ ಬೋಳಾಗಿದ್ದರೆ ಅದು ವರ್ಷದ ಬಟ್ಟೆ ಬದಲಿಸುತ್ತಿದೆ. ಗರಿಯೆಂದರೆ ಹೆಚ್ಚುಕಮ್ಮಿ ಪೂರಾ ಪ್ರೋಟೀನು. ಮೈತುಂಬ ಗರಿ ಕಟ್ಟುವಾಗ ಮೊಟ್ಟೆಗೆ ಹಾಕಲು ಅದರ ಬಳಿ ಏನೂ ಮಿಕ್ಕಿರುವುದಿಲ್ಲ. ಆಗ ಬಲ್ಬಾಗಲಿ ಔಷಧವಾಗಲಿ ಬೇಕಿಲ್ಲ. ಮೇವಿನಲ್ಲಿ ಹಿಂಡಿ ಹೆಚ್ಚು ಮಾಡಿ, ಸುಮ್ಮನೆ ಬಿಟ್ಟುಬಿಡಿ. ಹೊಸ ಗರಿ ಬರುವಾಗ ಮೈ ಮುಟ್ಟಿದರೂ ಅದಕ್ಕೆ ನೋವು.

ಮೆಕ್ಕೆಜೋಳದ ರಾಶಿ

ಹರಪನಹಳ್ಳಿ, ದಾವಣಗೆರೆ ಎಂದರೆ ಮೆಕ್ಕೆಜೋಳದ ಸೀಮೆ. ಚಳಿಗಾಲ ಹಿಡಿಯುವ ಹೊತ್ತಿಗೆ ಕಣದಲ್ಲಿ, ಅಂಗಳದಲ್ಲಿ, ಡಾಂಬರು ರಸ್ತೆಯ ಅರ್ಧ ಭಾಗದಲ್ಲಿ ಹಳದಿ ರಾಶಿ. ವರ್ಷವಿಡೀ ತಿಪ್ಪೆ ಕೆದರಿ ಹೊಟ್ಟೆ ಹೊರೆದ ಕೋಳಿಗೆ ಹಬ್ಬ. ಬೆಳಗ್ಗೆ ಬಿಟ್ಟರೆ ನೇರ ರಾಶಿಗೆ ಹೋಗಿ ಕುತ್ತಿಗೆಯ ಚೀಲ ಬಿರಿಯುವಷ್ಟು ತುಂಬಿಕೊಂಡು, ಬಿಸಿಲಿಗೆ ರೆಕ್ಕೆ ಬಿಚ್ಚಿ ಮಲಗುತ್ತದೆ. ನೋಡಿದವರು 'ಕೋಳಿ ಮೈಯಾಗ್ಯಾವು' ಎಂದು ಖುಷಿಪಡುತ್ತಾರೆ. ಮೈಯಾಗುತ್ತದೆ ನಿಜ, ಮೊಟ್ಟೆಯಾಗುವುದಿಲ್ಲ.

ಮೆಕ್ಕೆಜೋಳದಲ್ಲಿ ಪ್ರೋಟೀನು ನೂರಕ್ಕೆ ಒಂಬತ್ತರಷ್ಟೂ ಕಷ್ಟ; ಮೊಟ್ಟೆ ಇಡುವ ಕೋಳಿಗೆ ಹದಿನಾರರಷ್ಟು ಬೇಕು. ಸುಣ್ಣದ ಅಂಶವಂತೂ ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಹುಳ, ಮಿಡತೆ, ಹಸಿರು ತಿಂದು ಆ ಕೊರತೆಯನ್ನು ಕೋಳಿಯೇ ತುಂಬಿಕೊಳ್ಳುತ್ತಿತ್ತು. ಚಳಿಗಾಲಕ್ಕೆ ಹೊಲ ಒಣಗಿ ಹುಳವೂ ಇಲ್ಲ, ಸೊಪ್ಪೂ ಇಲ್ಲ. ಮುಂದೆ ಕಾಣುವುದು ಕಾಳಿನ ರಾಶಿಯೊಂದೇ. ಹಸಿವಿನಿಂದಲ್ಲ, ಒಂದೇ ಬಗೆಯ ಹೊಟ್ಟೆತುಂಬಿದ ಊಟದಿಂದ ಮೊಟ್ಟೆ ನಿಲ್ಲುತ್ತದೆ ಎಂದರೆ ಬಹಳ ಮಂದಿ ನಂಬುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಸೀಮೆಯ ಚಳಿಗಾಲದ ತತ್ತಿಗೆ ಕಾವಿನ ನಂತರದ ದೊಡ್ಡ ಕಂಟಕ ಇದೇ.

ಸರಿಪಡಿಸಲು ಬೇಕಾದದ್ದೆಲ್ಲ ಊರಲ್ಲೇ ಸಿಗುತ್ತದೆ. ಹತ್ತು ಕಿಲೋ ಮೇವಿಗೆ ಮೆಕ್ಕೆಜೋಳದ ನುಚ್ಚು ಐದೂವರೆ ಕಿಲೋ, ಶೇಂಗಾ ಹಿಂಡಿ ಎರಡು ಕಿಲೋ, ಅಕ್ಕಿ ತೌಡು ಅಥವಾ ಗೋಧಿ ಬೂಸಾ ಒಂದೂವರೆ ಕಿಲೋ, ಚಿಪ್ಪಿನ ಪುಡಿ ಅಥವಾ ಸುಣ್ಣಕಲ್ಲಿನ ಹರಳು ಮುಕ್ಕಾಲು ಕಿಲೋ, ಉಳಿದ ಕಾಲು ಕಿಲೋ ಖನಿಜ ಮಿಶ್ರಣ. ಪ್ರೋಟೀನು ಹದಿನೈದರ ಹತ್ತಿರ ಬರುತ್ತದೆ, ಮಿಕ್ಕಿದ್ದನ್ನು ಕೋಳಿ ಕೆದರಿ ಹುಡುಕಿಕೊಳ್ಳಲಿ. ಮೇಯಲು ಬಿಡುವ ಕೋಳಿಗೆ ಸಂಜೆ ಒಂದು ಹಿಡಿ, ಅಂದರೆ ಐವತ್ತು–ಅರವತ್ತು ಗ್ರಾಂ ಸಾಕು. ಕಟ್ಟಿಹಾಕಿ ಸಾಕುವ ಸುಧಾರಿತ ತಳಿಗೆ ದಿನಕ್ಕೆ ನೂರಹತ್ತು ಗ್ರಾಮಿನ ಮೇಲೆ ಬೇಕು. ನುಗ್ಗೆ ಸೊಪ್ಪು ತೂಗುಹಾಕಿದರೆ ಹಾರಿ ಹಾರಿ ತಿನ್ನುತ್ತವೆ, ಹಳದಿಗೂ ಬಣ್ಣ ಬರುತ್ತದೆ. ಹಿರಿಯರ ಗೆದ್ದಲಿನ ಉಪಾಯ ಈಗಲೂ ನಡೆಯುತ್ತದೆ: ಹಳೆಯ ಮಡಕೆಗೆ ಸಗಣಿ, ಒಣ ಸಪ್ಪೆ ತುಂಬಿ ನೀರು ಚಿಮುಕಿಸಿ ಗೆದ್ದಲಿರುವ ಕಡೆ ಬೋರಲು ಹಾಕಿದರೆ, ಬೆಳಗಾಗುವಷ್ಟರಲ್ಲಿ ಒಳಗೆ ಗೆದ್ದಲು ಹತ್ತಿರುತ್ತದೆ. ಮಡಕೆ ಕೊಡವಿದರೆ ಕೋಳಿಗಳು ಮುಗಿಬೀಳುತ್ತವೆ. ಪುಕ್ಕಟೆ ಪ್ರೋಟೀನು.

ಸುಣ್ಣದಂಶವನ್ನು ಸಂಜೆಯೇ ಕೊಡಬೇಕೆನ್ನುವುದಕ್ಕೆ ಕಾರಣವಿದೆ. ಒಂದು ಮೊಟ್ಟೆ ತಯಾರಾಗಲು ಇಪ್ಪತ್ತೈದು ಗಂಟೆಯ ಸುಮಾರು ಹಿಡಿಯುತ್ತದೆ. ಅದರಲ್ಲಿ ಇಪ್ಪತ್ತು ಗಂಟೆ ಚಿಪ್ಪಿಗೇ ಹೋಗುತ್ತದೆ. ಅದರ ಬಹುಪಾಲು ಕೋಳಿ ಕೋಲ ಮೇಲೆ ಮಲಗಿರುವಾಗ ನಡೆಯುವ ಕೆಲಸ. ಒಂದು ಚಿಪ್ಪಿಗೆ ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ರಾತ್ರಿ ಹೊಟ್ಟೆಯಲ್ಲಿ ದಪ್ಪ ಹರಳು ನಿಧಾನ ಕರಗುತ್ತಿದ್ದರೆ ಅದು ಅಲ್ಲಿಂದ ಸಿಗುತ್ತದೆ, ಇಲ್ಲವಾದರೆ ಕೋಳಿ ತನ್ನ ಎಲುಬನ್ನೇ ಕರಗಿಸಿ ಹಾಕುತ್ತದೆ. ಒಡೆದ ಮೊಟ್ಟೆಯ ಚಿಪ್ಪನ್ನೇ ಹುರಿದು ಪುಡಿಮಾಡಿ ಕೊಟ್ಟರೂ ಆಯಿತು. ಹುರಿಯದೆ, ಪುಡಿಮಾಡದೆ ಎಸೆದರೆ ತತ್ತಿ ಕುಕ್ಕಿ ತಿನ್ನುವ ಚಟ ಹತ್ತುತ್ತದೆ.

ಇನ್ನೊಂದು ಮಾತು ಬೂಸ್ಟಿನದು. ಕಟಾವಿನ ಹೊತ್ತಿಗೆ ಹಿಂಗಾರು ಮಳೆ ಹೊಡೆದು ರಾಶಿ ನೆನೆದರೆ ಕಾಳಿಗೆ ಹಸಿರು–ಕಪ್ಪು ಬೂಸ್ಟು ಹಿಡಿಯುತ್ತದೆ. 'ಮಾರಾಕ ಬರಂಗಿಲ್ಲ, ಕೋಳಿಗೆ ಹಾಕ್ರಿ' ಎಂದು ಅದನ್ನು ಹಿತ್ತಿಲಿಗೆ ಸುರಿಯುತ್ತಾರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿನ ಬೂಸ್ಟಿನ ವಿಷ. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಸ್ವಲ್ಪ ಸ್ವಲ್ಪ ಒಳಗೆ ಹೋದರೆ ಕೋಳಿ ಕೂಡಲೇ ಸಾಯುವುದಿಲ್ಲ, ಯಕೃತ್ತು ಕೆಡುತ್ತದೆ, ಮೊಟ್ಟೆ ಕಡಿಮೆಯಾಗುತ್ತ ಹೋಗುತ್ತದೆ. ಮಾರಲು ಬಾರದ ಕಾಳು ಕೋಳಿಗೂ ಬಾರದು.

ನೀರನ್ನು ಮರೆಯುವವರೇ ಹೆಚ್ಚು. ಮೊಟ್ಟೆಯ ಮುಕ್ಕಾಲು ಭಾಗ ನೀರು. ರಾತ್ರಿಯ ತಣ್ಣೀರನ್ನು ಬೆಳಗ್ಗೆ ಕೋಳಿ ಒಂದೆರಡು ಗುಟುಕು ಕುಡಿದು ಬಿಡುತ್ತದೆ. ಹಂಡೆಯಿಂದ ಒಂದು ಚೊಂಬು ಬೆರೆಸಿ ಉಗುರುಬೆಚ್ಚಗೆ ಮಾಡಿ ಕೊಡಿ.

ಇಡುತ್ತಿದೆಯೋ ಇಲ್ಲವೋ

ಕೋಳಿಯ ಮೇಲೆ ತಪ್ಪು ಹೊರಿಸುವ ಮೊದಲು ಬಣವೆಯ ಸುತ್ತ ಒಂದು ಪ್ರದಕ್ಷಿಣೆ ಹಾಕುವುದು ಒಳ್ಳೆಯದು. ಸುಗ್ಗಿ ಮುಗಿದು ಹೊಸ ಸಪ್ಪೆಯ ಬಣವೆ ಒಟ್ಟಿದ ಕೂಡಲೇ ಕೋಳಿಗೆ ಗೂಡಿಗಿಂತ ಒಳ್ಳೆಯ ಜಾಗ ಸಿಕ್ಕಿರುತ್ತದೆ. ಬೆಚ್ಚಗೆ, ಮರೆಯಾಗಿ, ಯಾರೂ ಕೈಹಾಕದ ಸಂದು. ಎಷ್ಟೋ ಮನೆಗಳಲ್ಲಿ 'ನಿಂತ' ತತ್ತಿ ಬಣವೆ ಕೀಳುವಾಗ ಡಜನ್ನುಗಟ್ಟಲೆ ಸಿಗುತ್ತದೆ, ಇಲ್ಲವೇ ಮುಂಗುಸಿಯ ಪಾಲಾಗಿ ಚಿಪ್ಪಷ್ಟೇ ಉಳಿದಿರುತ್ತದೆ. ಅನುಮಾನವಿದ್ದರೆ ಎರಡು ದಿನ ಮಧ್ಯಾಹ್ನದವರೆಗೆ ಕೋಳಿಯನ್ನು ಗೂಡಿನಲ್ಲೇ ಕೂಡಿಹಾಕಿ ನೋಡಿ. ಕೋಳಿ ಹೆಚ್ಚಾಗಿ ಇಡುವುದು ಮಧ್ಯಾಹ್ನದೊಳಗೆ.

ಕೈಯಿಂದಲೂ ತಿಳಿಯಬಹುದು. ಕತ್ತಲಾದ ಮೇಲೆ, ಕೋಳಿ ಕೋಲ ಮೇಲೆ ಶಾಂತವಾಗಿರುವಾಗ ಎತ್ತಿಕೊಂಡು ತಲೆಯನ್ನು ಕಂಕುಳ ಕಡೆ ಮಾಡಿ ಹಿಡಿಯಿರಿ. ಬಾಲದ ಕೆಳಗೆ, ಗುದದ ಎರಡೂ ಪಕ್ಕ ಚೂಪಾದ ಎರಡು ಎಲುಬಿನ ತುದಿ ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡು–ಮೂರು ಬೆರಳು ಆರಾಮಾಗಿ ಹಿಡಿಸಿದರೆ ಕೋಳಿ ಇಡುತ್ತಿದೆ. ಒಂದು ಬೆರಳಿಗೇ ಬಿಗಿಯಾದರೆ ನಿಲ್ಲಿಸಿದೆ. ಗುದದ್ವಾರ ಅಗಲವಾಗಿ, ತೇವವಾಗಿ, ಬಿಳಿಚಿಕೊಂಡಿದ್ದರೆ ಇಡುವ ಕೋಳಿ. ಸಣ್ಣದಾಗಿ ಒಣಗಿ ಹಳದಿಯಾಗಿದ್ದರೆ ಅಲ್ಲ. ಹಳದಿ ಕಾಲಿನ ಕೋಳಿಯಾದರೆ ಇನ್ನೊಂದು ಲೆಕ್ಕಪುಸ್ತಕವೇ ತೆರೆಯುತ್ತದೆ. ಮೇವಿನಲ್ಲಿ ಬಂದ ಹಳದಿ ಬಣ್ಣವನ್ನು ಕೋಳಿ ಮೊಟ್ಟೆಯ ಭಂಡಾರಕ್ಕೆ ಸಾಗಿಸುತ್ತದೆ, ಹಾಗಾಗಿ ಇಡುತ್ತ ಇಡುತ್ತ ಮೊದಲು ಗುದದ ಸುತ್ತ, ಆಮೇಲೆ ಕಣ್ಣಿನ ಸುತ್ತ, ಆಮೇಲೆ ಕೊಕ್ಕು, ಕೊನೆಗೆ ಕಾಲು ಬಿಳಿಚುತ್ತವೆ. ಬಿಳಿಚಿದ ಕಾಲಿನ, ಗರಿ ಹರಕಾದ, ನೋಡಲು ಚೆಂದವಿಲ್ಲದ ಕೋಳಿಯೇ ಬಹುತೇಕ ಚೆನ್ನಾಗಿ ಇಟ್ಟ ಕೋಳಿ. ಹಬ್ಬಕ್ಕೆ ಕೊಯ್ಯುವಾಗ ಮಂದಿ ಅದನ್ನೇ ಮೊದಲು ಹಿಡಿಯುತ್ತಾರೆ, ಮಿರಿಮಿರಿ ಹೊಳೆಯುವ ಸೋಮಾರಿ ಬದುಕಿಕೊಳ್ಳುತ್ತದೆ.

ಜೂನಿನ ಮರಿ

ಚಳಿಗಾಲದಲ್ಲಿ ತಪ್ಪದೆ ಮೊಟ್ಟೆ ಬೇಕೆನ್ನುವವರು ಜೂನಿನಲ್ಲೇ ಯೋಚಿಸಬೇಕು. ಮೊದಲ ವರ್ಷದ ಹೇಂಟೆ ಆ ಚಳಿಗಾಲದಲ್ಲಿ ಸಾಮಾನ್ಯವಾಗಿ ಗರಿ ಉದುರಿಸುವುದಿಲ್ಲ. ಸುಧಾರಿತ ತಳಿಗಳು ಐದು–ಐದೂವರೆ ತಿಂಗಳಿಗೆ ಮೊಟ್ಟೆಗೆ ಬರುತ್ತವೆ. ಕಾರಹುಣ್ಣಿಮೆಯ ಹೊತ್ತಿಗೆ ತಂದ ಮರಿ ನವೆಂಬರಿನಲ್ಲಿ ಇಡತೊಡಗಿದರೆ ಯುಗಾದಿಯವರೆಗೆ ಚಿಂತೆಯಿಲ್ಲ.

ಯಾವ ತಳಿ? ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಕರ್ನಾಟಕದ ಮನೆಮಾತು. ಅದು ಮಾಂಸಕ್ಕೂ ಸೈ, ವರ್ಷಕ್ಕೆ ನೂರಮೂವತ್ತು–ನೂರೈವತ್ತು ಮೊಟ್ಟೆಗೂ ಸೈ. ಅಲ್ಲಿಯದೇ ಸ್ವರ್ಣಧಾರ ಮೊಟ್ಟೆಯಲ್ಲಿ ಅದನ್ನು ಮೀರಿಸುತ್ತದೆ. ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ಗ್ರಾಮಪ್ರಿಯ, ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಸಂಸ್ಥೆಯ ಕಾವೇರಿ ಕೂಡ ಹಿತ್ತಿಲಿಗೆ ಒಗ್ಗುವಂಥವೇ. ಇವು ಕಾವಿಗೆ ಕೂರುವುದು ಅಪರೂಪ. ಅದೇ ಇವುಗಳ ಬಲ, ಅದೇ ದೌರ್ಬಲ್ಯ: ಮರಿಯನ್ನು ಮತ್ತೆ ದುಡ್ಡು ಕೊಟ್ಟೇ ತರಬೇಕು. ಹದ್ದು ಬಂದರೆ ಜವಾರಿ ಕೋಳಿ ಮಿಂಚಿನಂತೆ ಪೊದೆ ಸೇರುತ್ತದೆ, ಗಿರಿರಾಜ ಆಕಾಶ ನೋಡುತ್ತ ನಿಂತಿರುತ್ತದೆ. ನನ್ನನ್ನು ಕೇಳಿದರೆ ಎರಡು ಜವಾರಿ, ನಾಲ್ಕು ಸ್ವರ್ಣಧಾರ. ಜವಾರಿ ಕಾವಿಗೆ, ಸ್ವರ್ಣಧಾರ ಬಾಣಲೆಗೆ.

ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳಬೇಕು ಎನ್ನುವವರಿಗೆ ಒಂದು ಅಂಕಿ. ದೇಶದಲ್ಲಿ 2022–23ರಲ್ಲಿ ಉತ್ಪಾದನೆಯಾದ ಮೊಟ್ಟೆ 13,838 ಕೋಟಿ. ತಲೆಗೆ ಹಂಚಿದರೆ ವರ್ಷಕ್ಕೆ 101. ಪೌಷ್ಟಿಕತೆಯ ತಜ್ಞರು ಹೇಳುವುದು 180. ನಡುವಿನ ಎಂಬತ್ತನ್ನು ಫಾರಂ ಒಂದೇ ತುಂಬಲಾರದು. 2019ರ ಜಾನುವಾರು ಗಣತಿಯಲ್ಲಿ ಹಿತ್ತಿಲ ಕೋಳಿಗಳ ಸಂಖ್ಯೆ 31.7 ಕೋಟಿ, ಅದರ ಹಿಂದಿನ ಗಣತಿಗಿಂತ ನೂರಕ್ಕೆ ನಲವತ್ತೈದರ ಮೇಲೆ ಏರಿಕೆ. ಇವುಗಳಲ್ಲಿ ಹೆಚ್ಚಿನವನ್ನು ಸಾಕುವವರು ಹೆಂಗಸರು. ತತ್ತಿಯ ದುಡ್ಡು ಅವರ ಸೆರಗಿನ ಗಂಟಿಗೇ ಸೇರುತ್ತದೆ.

ಲಸಿಕೆಯ ಬಾಟಲಿ

ಕೊನೆಯದಾಗಿ, ಮೇಲೆ ಹೇಳಿದ್ದೆಲ್ಲವನ್ನೂ ಒಂದೇ ವಾರದಲ್ಲಿ ನೀರುಪಾಲು ಮಾಡುವ ಸಂಗತಿ: ಕೊಕ್ಕರೆ ರೋಗ. ಇಂಗ್ಲೆಂಡಿನಲ್ಲಿ ನ್ಯೂಕ್ಯಾಸಲ್, ನಮ್ಮಲ್ಲಿ ರಾಣಿಖೇತ್ ಎಂದು 1920ರ ದಶಕದಲ್ಲಿ ಗುರುತಿಸಿದ್ದು ಇದನ್ನೇ. ಹಸಿರು ಭೇದಿ, ತಿರುಚಿದ ಕತ್ತು, ಬೆಳಗಾದರೆ ಕೇರಿಗೆ ಕೇರಿಯೇ ಖಾಲಿ. ಬದುಕುಳಿದ ಕೋಳಿಯೂ ತಿಂಗಳುಗಟ್ಟಲೆ ತೊಗಲುತತ್ತಿ, ಸೊಟ್ಟತತ್ತಿ ಇಡುತ್ತದೆ. ಇದಕ್ಕೆ ಔಷಧವಿಲ್ಲ, ಲಸಿಕೆಯಿದೆ: ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹನಿ, ಎರಡು ತಿಂಗಳು ದಾಟಿದ ಮೇಲೆ ಚುಚ್ಚುಮದ್ದು. ಜಾತ್ರೆಗಳ ಕಾಲದಲ್ಲಿ ಊರಿಂದೂರಿಗೆ ಕೋಳಿ ಓಡಾಡುವುದು ಹೆಚ್ಚು. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಬೆಟ್ಟದ ಕೆಳಗೆ ಜನ ನೆರೆಯುವ ಮೊದಲೇ, ಅಂದರೆ ದೀಪಾವಳಿಯ ಸುಮಾರಿಗೆ ಲಸಿಕೆ ಮುಗಿದಿರಬೇಕು.

ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಎಷ್ಟು ಬದಲಾದರೂ ಲಸಿಕೆಯ ತೊಡಕು ಮಾತ್ರ ಬದಲಾಗಿಲ್ಲ. ಬಾಟಲಿ ಬರುವುದು ಸಾಮಾನ್ಯವಾಗಿ ನೂರು ಕೋಳಿಗೆ ಆಗುವಷ್ಟು; ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ತಂಪಿನಲ್ಲೇ ತರಬೇಕು. ಆರು ಕೋಳಿಯ ಮನೆಯವರು ಅದನ್ನು ತರಲಾರರು, ತಂದರೂ ಉಳಿದದ್ದು ಚರಂಡಿಗೆ. ಆದ್ದರಿಂದ ಇದು ಒಂದು ಮನೆಯ ಕೆಲಸವಲ್ಲ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಕೇರಿಯ ಕೋಳಿ ಎಣಿಸಿ, ದಿನ ಗೊತ್ತುಮಾಡಿ, ಹತ್ತಿರದ ಪಶು ಆಸ್ಪತ್ರೆಗೆ ಮೊದಲೇ ತಿಳಿಸಿ. ಥರ್ಮಾಸಿನಲ್ಲಿ ಮಂಜುಗಡ್ಡೆ ತುಂಬಿ ಒಬ್ಬರು ಹೋಗಿ ಬನ್ನಿ. ಕೋಳಿ ಕೋಲ ಮೇಲೆ ಇರುವಾಗ, ನಸುಕಿನಲ್ಲೇ ಮನೆಮನೆ ತಿರುಗಿದರೆ ಹೊತ್ತೇರುವ ಮೊದಲು ನೂರೂ ಮುಗಿಯುತ್ತವೆ. ಈ ದೀಪಾವಳಿಗೇ ಶುರುಮಾಡಿ.